ಮನಿಗೆ ಸೂಜಿ ಹಾಕುತ್ತಿದ್ದ ಹೂಗಾರ ಕಾಕಾ

ಹೂಗಾರ ಕಾಕಾ ಮನೆಯೊಳಗೂ ಸಿಗ್ನಲ್ ಕೂಗುತ್ತಿದ್ದರು. ಹಾಲು ಉಕ್ಕಿ ಬಂದರೆ "ಹಾಲು ಮ್ಯಾಲೆ!" ಎಂದು ಗಟ್ಟಿಯಾಗಿ ಹೇಳಿ, ಒಲೆ ಆರಿಸಿದ ಮೇಲೆ "ಗ್ಯಾಸ್ ಬಂದ್!" ಎನ್ನುವರು. ಹೊರಗೆ ಹೊರಟರೆ "ನಳ ಬಂದ್, ಲೈಟ್ ಬಂದ್, ಕೀಲಿ ಕಿಸೆದಾಗ!" ಎಂದು ಬಾಗಿಲಲ್ಲಿ ನಿಂತು ಮೂರನ್ನೂ ಹೇಳಿಯೇ ಮೆಟ್ಟಿಲು ಇಳಿಯುವರು. ಕೇಳುವುದಕ್ಕೆ ಆ ಮನೆಯಲ್ಲಿ ಯಾರೂ ಇರಲಿಲ್ಲ. ಮೂವತ್ತಾರು ವರ್ಷ ರೈಲು ಇಂಜಿನ್ ಓಡಿಸಿದ ಮನುಷ್ಯ. ಇಂಜಿನ್ನಿನಲ್ಲಿ ಡ್ರೈವರ್ ಮತ್ತು ಅವನ ಜೊತೆಗಾರ ಎದುರಿಗೆ ಬಂದ ಪ್ರತಿ ಸಿಗ್ನಲ್ಲಿನ ಬಣ್ಣವನ್ನೂ ಬಾಯಿಬಿಟ್ಟು ಹೇಳಬೇಕಂತೆ; ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಹೇಳಬೇಕಂತೆ. "ಕಣ್ಣು ಸುಳ್ಳು ಹೇಳತಾವ, ಸರೋಜವ್ವಾ. ಬಾಯಿಲೆ ಅಂದಾಗ ತಲಿ ಎಚ್ಚರ ಆಗತೈತಿ" ಎಂದು ನನಗೆ ಹೇಳುತ್ತಿದ್ದರು.

ನಾಗಪುರದ ಅಜನಿಯಲ್ಲಿ ನಮ್ಮ ಮನೆಯ ಮೇಲಿನ ಮನೆ ಅವರದು. ನಾವು ಗದಗಿನ ಕಡೆಯವರು, ಅವರೂ ಗದಗಿನ ಕಡೆಯವರೇ. ನಾನು ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂಡುವವಳು. ನನ್ನ ಗಂಡ ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಕೆಲಸ ಮಾಡುವವರು. ಅವರು ಮನೆಯಲ್ಲಿದ್ದಾಗ ನಿದ್ದೆಯಲ್ಲಿರುತ್ತಾರೆ, ಎಚ್ಚರವಿದ್ದಾಗ ಮನೆಯಲ್ಲಿರುವುದಿಲ್ಲ. ಕಾಕಾನ ಹೆಂಡತಿ ಸುಮನ್ ಕಾಕು ಇಲ್ಲಿಯವರೇ, ಮರಾಠಿಯವರು. ಅವರು ತೀರಿಕೊಂಡಾಗ ಮಕ್ಕಳಿಲ್ಲದ ಆ ಮನೆಯಲ್ಲಿ ಉಳಿದದ್ದು ಕಾಕಾ ಮತ್ತು ಕಾಕು ಸಾಕಿದ ಒಂದು ಬಿಳಿ-ಬೂದು ಬೆಕ್ಕು. ಬೆಕ್ಕಿಗೆ ಕಾಕು ಇಟ್ಟ ಹೆಸರು ಮನಿ. ಮರಾಠಿಯವರು ಅರ್ಧಕ್ಕರ್ಧ ಬೆಕ್ಕುಗಳಿಗೆ ಇಡುವ ಹೆಸರದು. ನಮ್ಮ ಕಡೆಯ ಕಿವಿಗೆ ಅದು ಮನೆ ಎಂದು ಕೇಳುತ್ತದೆ. ಕಾಕಾ ಮೆಟ್ಟಿಲ ಮೇಲೆ ನಿಂತು "ಮನಿ, ಮನೀಗೆ ಬಾ" ಎಂದು ಕರೆದರೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ.

ಮನಿಗೆ ರೋಗ ಬಂದ ವರ್ಷ ನನಗೆ ನಗು ಬರುತ್ತಿದ್ದದ್ದೂ ಅಷ್ಟರಲ್ಲೇ. ನನ್ನ ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದು ದೀಪಾವಳಿ ಮುಗಿದ ಮೇಲೆ ಹೋದರು. ಮೂರು ವರ್ಷ ಅವರನ್ನು ಹೊರಳಿಸಿ ಮಲಗಿಸಿದ್ದು, ಒರೆಸಿದ್ದು, ಗುಳಿಗೆ ಅರೆದು ಕುಡಿಸಿದ್ದು ನಾನು. ಹದಿಮೂರನೆಯ ದಿನ ಮುಗಿದ ಮರುದಿನ ಕೈಗವಸು, ಹತ್ತಿ, ರಬ್ಬರ್ ಹಾಸು, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿ ಬಂದೆ. ಇನ್ನು ಈ ಜನ್ಮದಲ್ಲಿ ಯಾರ ಔಷಧದ ಹೊತ್ತೂ ನನಗೆ ಬೇಡ ಎಂದು ದೇವರ ಮುಂದೆ ನಿಂತು ಹೇಳಿದ್ದೆ. ದುಃಖದಿಂದ ಹೇಳಿದ ಮಾತಲ್ಲ. ಮೈಯೊಳಗಿನ ಎಲುಬುಗಳು ಹೇಳಿಸಿದ ಮಾತು.

ಶಿವರಾತ್ರಿಯ ಹೊತ್ತಿಗೆ ಮನಿಯ ರೋಗ ತಿಳಿಯಿತು. ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯುತ್ತಿತ್ತು, ಮನೆ ತುಂಬ ಉಚ್ಚೆ ಹೊಯ್ಯುತ್ತಿತ್ತು. ಕಾಕಾ ಹಾಲು-ಬ್ರೆಡ್ಡು ಹಾಕಿದಷ್ಟೂ ತಿಂದು ದಿನದಿಂದ ದಿನಕ್ಕೆ ಒಣಗುತ್ತಿತ್ತು. ಕೊನೆಗೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು, ಮುದುಕಿಯರು ಕೂತಲ್ಲೇ ಸರಿದ ಹಾಗೆ ನಡೆಯತೊಡಗಿತು. ದನದ ದವಾಖಾನೆಯ ಡಾಕ್ಟರಮ್ಮ ರಕ್ತ ನೋಡಿ, ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಹಾಕಬೇಕು, ಹನ್ನೆರಡು ತಾಸಿನ ಅಂತರ ತಪ್ಪಬಾರದು ಎಂದರಂತೆ.

ಮರುದಿನ ಬೆಳಿಗ್ಗೆ ಆರೂವರೆಗೆ ಕಾಕಾ ನಮ್ಮ ಬಾಗಿಲಲ್ಲಿ ನಿಂತಿದ್ದರು. ಬಗಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಮನಿ. ತಲೆ ಮಾತ್ರ ಹೊರಗೆ.

"ಸರೋಜವ್ವಾ, ಒಂದು ಕೈ ಬೇಕಾಗಿತ್ರೀ. ನಾ ಸೂಜಿ ಹಿಡಿದ್ರ ಇದು ಓಡತೈತಿ, ಇದನ್ನ ಹಿಡಿದ್ರ ಸೂಜಿ ಹಿಡಿಯಾಕ ಕೈ ಇಲ್ಲ."

ನನ್ನ ಮುಖ ಅವರಿಗೆ ಏನು ಹೇಳಿತೋ. "ಇವತ್ತೊಂದು ದಿನ ಅಷ್ಟ" ಎಂದು ತಾವೇ ಸೇರಿಸಿದರು.

ಅದು ಎರಡೂಕಾಲು ವರ್ಷವಾಯಿತು.

ದಿನಾ ಬೆಳಿಗ್ಗೆ ಆರೂವರೆ, ಸಂಜೆ ಆರೂವರೆ. ನಾನು ಅವರ ಅಡುಗೆಮನೆಯ ನೆಲದ ಮೇಲೆ ಮನಿಯನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು ಕೂಡುವುದು. ಕಾಕಾ ಬಿಸಿನೀರಿಗೆ ಅದ್ದಿದ ಬಟ್ಟೆಯಿಂದ ಅದರ ಕಿವಿಯನ್ನು ಬೆಚ್ಚಗೆ ಮಾಡಿ, ಅಂಚಿಗೆ ಚುಚ್ಚಿ, ಸಾಸಿವೆಕಾಳಿನಷ್ಟು ರಕ್ತ ತೆಗೆದು ಸಕ್ಕರೆ ಅಳೆಯುವ ಮಷಿನ್ನಿಗೆ ಮುಟ್ಟಿಸುವುದು. ಆಮೇಲೆ ಊಟದ ತಟ್ಟೆ. ಅದು ತಿನ್ನುತ್ತಿರುವಾಗ ಹೆಗಲ ಹತ್ತಿರದ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದ ಹಾಗೆ ಎತ್ತಿ ಸೂಜಿ ಹಾಕುವುದು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಸಿರಿಂಜು ನೋಡಿ "ಎರಡು ಯೂನಿಟ್!" ಎಂದು ಕೂಗಿ, ನಾನೂ ನೋಡಿ "ಎರಡು ಯೂನಿಟ್" ಎನ್ನುವವರೆಗೆ ಕೈ ಮುಂದೆ ಮಾಡುತ್ತಿರಲಿಲ್ಲ. ಮೊದಮೊದಲು ನಾಚಿಕೆಯಾಗಿ ಗೊಣಗುತ್ತಿದ್ದೆ. "ಜೋರಲೇ ಅನ್ರಿ" ಎಂದು ಕಾಯುತ್ತಿದ್ದರು. ಹಾಕಿದ ಮೇಲೆ ನೋಟ್‌ಬುಕ್ಕಿನಲ್ಲಿ ಹೊತ್ತು, ಸಕ್ಕರೆಯ ಅಂಕಿ, ಯೂನಿಟ್ಟು, ಹಾಕಿದವರ ಸಹಿ.

ಊಟದ ತಟ್ಟೆಯದು ಬೇರೆ ಕಥೆ. ಹಾಲು, ಬ್ರೆಡ್ಡು, ಬಿಸ್ಕತ್ತು ಎಲ್ಲ ಬಂದಾಗಿ ಬರೀ ಕೋಳಿ ಮಾಂಸ ಎಂದಾಗಿತ್ತು. ಕಾಕಾ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮೊಟ್ಟೆಯನ್ನೂ ಮುಟ್ಟಿದವರಲ್ಲ. ಬಾಲ್ಕನಿಯಲ್ಲಿ ಒಂದು ಕರೆಂಟಿನ ಒಲೆ ಇಟ್ಟು, ಅದಕ್ಕೇ ಬೇರೆ ಪಾತ್ರೆ, ಬೇರೆ ಇಕ್ಕಳ, ಬೇರೆ ಚಾಕು ಮಾಡಿಕೊಂಡರು. ಮೂಗಿಗೆ ಕರ್ಚೀಫು ಕಟ್ಟಿ ಅತ್ತ ಮುಖ ಮಾಡಿ ಕೋಳಿ ಬೇಯಿಸುವರು. ಬೆಂದದ್ದನ್ನು ಎಲುಬಿಲ್ಲದ ಹಾಗೆ ಬೆರಳಿನಿಂದ ಬಿಡಿಸುವರು. ಆಮೇಲೆ ಸ್ನಾನ, ಆಮೇಲೆ ಪೂಜೆ. ಸಂಜೆ ಮತ್ತೆ ಇಷ್ಟೂ. "ನಿಮ್ಮ ಲಿಂಗಪ್ಪ ಏನಂತಾನ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ. "ಏನೂ ಅಂದಿಲ್ಲ. ಅಂದ್ರ ನೋಡೂಣು" ಎಂದಿದ್ದರು.

ಹೀಗೆ ಬರೆಯುವಾಗ ಎಲ್ಲ ಚೆಂದ ಕಾಣುತ್ತದೆ. ಇರಲಿಲ್ಲ. ಎಷ್ಟೋ ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮೇಲಿನಿಂದ "ಆರೂ ಇಪ್ಪತ್ತೈದು!" ಎಂಬ ಕೂಗು ಕೇಳಿದರೆ ಅಳು ಬರುತ್ತಿತ್ತು. ಎರಡು ವರ್ಷ ತವರಿಗೆ ಹೋಗಲಿಲ್ಲ. ತಮ್ಮನ ಮಗಳ ಮದುವೆಗೆ ಮಾತ್ರ ಹೋಗಿ, ಮೂರನೆಯ ದಿನಕ್ಕೇ ಬಂದೆ. ಮೊದಲ ವರ್ಷದ ಏಪ್ರಿಲ್ಲಿನ ಒಂದು ಸಂಜೆ ಮನಿ ನನ್ನ ಕೈಯನ್ನು ಮೊಣಕೈವರೆಗೆ ಗೀರಿದಾಗ ತಡೆದುಕೊಳ್ಳಲಾಗದೆ ಅಂದುಬಿಟ್ಟೆ:

"ಕಾಕಾ, ಒಂದು ಬೆಕ್ಕಿಗೆ ಇಷ್ಟ್ಯಾಕ್ರಿ? ಹದಿಮೂರು ವರ್ಷದ್ದು. ಇನ್ನೆಷ್ಟು ದಿನ ಬದುಕೀತು?"

ಕಾಕಾ ಗಾಯಕ್ಕೆ ಹಚ್ಚಲು ಅರಿಶಿನ ತಂದು ಕೊಟ್ಟರು.

"ಸುಮನ್‌ಗೂ ಸಕ್ಕರಿ ಇತ್ರಿ. ಹದಿನೆಂಟು ವರ್ಷ ತಾನ ಚುಚ್ಚಿಕೊಂಡಳು. ನಾ ಅಷ್ಟೂ ವರ್ಷ ಲೈನ್ ಮ್ಯಾಲೆ. ಇಟಾರಸಿ, ಬಲ್ಲಾರಶಾ, ಮತ್ತ ಇಟಾರಸಿ. ಮನೀಗೆ ಬಂದಾಗ ಬರೇ ನಿದ್ದಿ. ಆಕಿ ಹೊಟ್ಟಿಗೆ ಚುಚ್ಚಿಕೊಳ್ಳತಿದ್ದಳೋ ತೊಡಿಗೋ, ಅದೂ ನನಗ ಗೊತ್ತಿಲ್ಲ. ಒಮ್ಮೆನೂ ಎದುರಿಗೆ ಕುಂತು ನೋಡಲಿಲ್ಲ." ಮನಿ ತಟ್ಟೆ ನೆಕ್ಕಿ ಮುಗಿಸಿತ್ತು. ತಟ್ಟೆ ಎತ್ತಿಕೊಂಡು ಎದ್ದರು. "ಇದಕ್ಕ ಹಾಕಿದ್ರ ಆಕಿಗೆ ಹಾಕಿದಂಗ ಅಂತ ಅಲ್ರಿ. ಅಷ್ಟು ಹುಚ್ಚ ಅಲ್ಲ ನಾ. ಈಗ ಹೊತ್ತು ಐತಿ, ಅಷ್ಟ."

ಆ ಮೇಲೆ ನಾನು ಅಂಥ ಮಾತು ಆಡಲಿಲ್ಲ. ಆದರೆ ದಣಿವೇನೂ ಹೋಗಲಿಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಅದೇ ವರ್ಷದ ಮೇ ತಿಂಗಳು. ನಾಗಪುರದ ಮೇ ತಿಂಗಳನ್ನು ಕಂಡವರಿಗೆ ಬೆಳಗಿನ ಆರಕ್ಕೇ ಗೋಡೆ ಬಿಸಿಯಿರುವುದು ಗೊತ್ತು. ಕಾಕಾನ ಹಳೆಯ ಜೊತೆಗಾರನೊಬ್ಬ ಆ ದಿನ ಬೆಳಿಗ್ಗೆ ರೈಲಿನಲ್ಲಿ ಹಾದುಹೋಗುವವನಿದ್ದ. ಅವನನ್ನು ನೋಡಲು ನಸುಕಿನಲ್ಲೇ ಸ್ಟೇಷನ್ನಿಗೆ ಹೋಗುವವರು ಹಿಂದಿನ ಸಂಜೆ ನನಗೆ ಕೀಲಿ ಕೊಟ್ಟು, "ಗಾಡಿ ಲೇಟ್ ಆದ್ರ ನೀವ ಹಾಕ್ರಿ. ಆಗೂದಿಲ್ಲಾಂದ್ರ ಬಿಡ್ರಿ, ನಾ ಬಂದು ಹಾಕತೀನಿ. ಹಾಕಿದ್ರ ಮಾತ್ರ ಬರೀರಿ" ಎಂದಿದ್ದರು.

ನಾನು ಸರಿಯಾಗಿ ಆರೂವರೆಗೆ ಹೋದೆ. ಮನಿ ಯಾಕೋ ಆ ದಿನ ಸುಮ್ಮನೆ ಕೂತಿತ್ತು. ಕಿವಿ ಚುಚ್ಚಿ ನೋಡುವುದು ಒಬ್ಬಳಿಂದ ಆಗದು ಎಂದು ಬಿಟ್ಟು, ಊಟ ಹಾಕಿ, ಎರಡು ಯೂನಿಟ್ ಎಳೆದು, ಹಾಕಿದೆ. ಮೊದಲ ಸಲ ಒಬ್ಬಳೇ. ಸೂಜಿಯನ್ನು ಡಬ್ಬಿಗೆ ಹಾಕುವಷ್ಟರಲ್ಲಿ ಕೆಳಗಿನಿಂದ ಗಂಡನ ಫೋನು: ರಾತ್ರಿಪಾಳಿ ಮುಗಿಸಿ ಬಂದಿದ್ದೇನೆ, ಬಾಗಿಲಿಗೆ ಕೀಲಿ ಇದೆ, ಎಲ್ಲಿದ್ದೀ? ತಟ್ಟೆ ತೊಳೆದಿಟ್ಟು ಓಡಿದೆ. ಬರೆಯಲಿಲ್ಲ.

ಒಂಬತ್ತೂವರೆಗೆ ಕಚೇರಿಗೆ ಹೊರಟಿದ್ದೆ. ಕಾಕಾ ಮೆಟ್ಟಿಲಿಳಿದು ಬಂದರು. ಅವರ ಮುಖ ಬಿಳುಚಿತ್ತು.

"ಮನಿ ನೆಟ್ಟಗ ನಿಂದರವಲ್ದು. ಕುತಗಿ ಜೋಲತೈತಿ. ಬುಕ್ಕಿನ್ಯಾಗ ಬರದಿಲ್ಲಂತ ನಾ ಬಂದು ಸೂಜಿ ಹಾಕೀನಿ. ನೀವು ಮುಂಜಾನೆ ಬಂದಿದ್ರೇನು, ಸರೋಜವ್ವಾ? ಸೂಜಿ ಹಾಕಿದ್ರೇನು?"

ಹೂಂ ಎನ್ನಬೇಕಿತ್ತು. ಒಂದೇ ಅಕ್ಷರ. ನನ್ನ ಬಾಯಿಯಿಂದ ಬಂದದ್ದು: "ಇಲ್ಲ ಕಾಕಾ. ನನಗ ಎಚ್ಚರಾಗಲಿಲ್ಲ."

ಯಾಕೆ ಹಾಗೆ ಅಂದೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿಕೆ ಇತ್ತು. ಜೊತೆಗೆ, ಇನ್ನೊಂದು ಜೀವದ ಲೆಕ್ಕ ನನ್ನ ತಲೆಗೆ ಬೇಡ ಎಂಬ ದಣಿವೂ ಇತ್ತು. ಅತ್ತೆ ಹೋದಾಗಲೂ ನೆಂಟರೊಬ್ಬರು "ಗುಳಿಗೆ ಸರಿಯಾಗಿ ಕೊಡುತ್ತಿದ್ದೆಯಾ?" ಎಂದು ಕೇಳಿದ್ದರು.

ಮೇಲೆ ಹೋದೆವು. ಮನಿ ಕೂಲರಿನ ಮುಂದೆ ಒಂದು ಮಗ್ಗುಲಾಗಿ ಬಿದ್ದಿತ್ತು. ಕಣ್ಣು ತೆರೆದೇ ಇದ್ದವು, ನೋಟವಿರಲಿಲ್ಲ. ಡಾಕ್ಟರಮ್ಮ ಫೋನಿನಲ್ಲಿ, "ಕಾಕಾ, ಘಾಬರೂ ನಕಾ, ಹೆದರಬೇಡಿ, ಒಸಡಿಗೆ ಜೇನುತುಪ್ಪ ತಿಕ್ಕಿ ತಕ್ಷಣ ಕರೆತನ್ನಿ" ಎಂದರು. ನಾನು ತಿಕ್ಕಿದೆ. ಆಟೋದಲ್ಲಿ ದಾರಿಯುದ್ದಕ್ಕೂ ತಿಕ್ಕಿದೆ. ಅದರ ಹಲ್ಲು ನನ್ನ ಬೆರಳಿಗೆ ತಾಗುತ್ತಿತ್ತು. ಒಮ್ಮೆಯೂ ಕಚ್ಚಲಿಲ್ಲ, ಕಚ್ಚಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ದವಾಖಾನೆಯಲ್ಲಿ ಗ್ಲೂಕೋಸ್ ಏರಿಸುತ್ತ ಡಾಕ್ಟರಮ್ಮ ಎಷ್ಟು ಹಾಕಿದ್ದಿರಿ ಎಂದು ಕೇಳಿದರು. ಕಾಕಾ ಮರಾಠಿಯಲ್ಲಿ, "ಮಾಝೀಚ್ ಚೂಕ್" ಎಂದರು. ತಪ್ಪು ನನ್ನದೇ. "ಡಬ್ಬಿಯಲ್ಲಿ ಇವತ್ತಿನವು ಎರಡು ಸೂಜಿ ಇವೆ. ಒಮ್ಮೆ ಹಾಕಿದ್ದು ನೆನಪಿದೆ. ಇನ್ನೊಮ್ಮೆ ಹಾಕಿದ್ದು ನೆನಪಿಲ್ಲ."

ಡಾಕ್ಟರಮ್ಮ ಇನ್ನೂ ಚಿಕ್ಕವಳು, ಒಳ್ಳೆಯ ಹುಡುಗಿ. ಕಾಕಾನ ಮುಖವನ್ನು ಒಂದು ಕ್ಷಣ ನೋಡಿ, ದನಿ ತಗ್ಗಿಸಿ, ವಯಸ್ಸೆಷ್ಟು ಎಂದಳು. ಎಪ್ಪತ್ತೊಂದು. "ನೀವೂ ಒಮ್ಮೆ ತೋರಿಸಿಕೊಳ್ಳಿ ಕಾಕಾ. ಮರೆವಿಗೆ ಈಗ ಔಷಧ ಇದೆ" ಎಂದಳು. ಕಾಕಾ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಬೆರಳುಗಳು ಜೇನಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು.

ನಾಲ್ಕು ಗಂಟೆಗೆ ಮನಿ ತಲೆಯೆತ್ತಿತು. ಬದುಕಿತು.

ಮರುದಿನ ಆರೂವರೆಗೆ ಕಾಕಾ ಸಿರಿಂಜನ್ನು ನನ್ನ ಕೈಗೆ ಕೊಟ್ಟು ತಾವು ಬೆಕ್ಕನ್ನು ಹಿಡಿದು ಕೂತರು. "ಇನ್ನ ಮ್ಯಾಲೆ ನನ್ನ ಕೈಯಾಗ ಸೂಜಿ ಬ್ಯಾಡ." ಮೂರನೆಯ ದಿನ ನೋಡಿದರೆ ಮನೆ ತುಂಬ ಚೀಟಿ ಅಂಟಿಸಿದ್ದರು. ಗ್ಯಾಸಿನ ಮೇಲೆ, ನಳದ ಮೇಲೆ, ಬಾಗಿಲ ಒಳಗೆ. ಕೂಗುವುದು ನಿಂತಿತ್ತು. ಹಾಲು ಉಕ್ಕಿ ಒಲೆ ಆರಿದ ವಾಸನೆ ಕೆಳಗೆ ನಮ್ಮ ಮನೆಗೆ ಬಂತು. ಕಾಕಾ ಕಾಮಠಿಯಲ್ಲಿರುವ ಸುಮನ್ ಕಾಕುವಿನ ಅಕ್ಕನ ಮಗಳು ರೋಹಿಣಿಗೆ ಫೋನು ಮಾಡಿ, ನಾನು ಹೇಳಿದ್ದನ್ನೇ ಮತ್ತೆ ಹೇಳುತ್ತೇನೇನವ್ವಾ ಎಂದು ಕೇಳುತ್ತಿದ್ದದ್ದನ್ನು ನಾನೇ ಕೇಳಿದೆ. ಐದನೆಯ ಸಂಜೆ ಹೋದಾಗ ಮನಿಯ ಬುಟ್ಟಿ, ತಟ್ಟೆ, ಔಷಧ ಎಲ್ಲ ಒಂದು ಕಡೆ ಜೋಡಿಸಿಟ್ಟಿದ್ದರು.

"ಇಂಥಾ ಜನಾವರ ಇಟ್ಟುಕೊಳ್ಳೋರು ವರ್ಧಾ ರೋಡಿನ ಮ್ಯಾಲೆ ಅದಾರಂತ. ನಾಳೆ ಬಿಟ್ಟು ಬರತೀನಿ. ನನ್ನ ಕೈಯಾಗ ಸತ್ರ ನಾ ತಡಕೊಳ್ಳೂದಿಲ್ಲ, ಸರೋಜವ್ವಾ."

ಆಗ ಹೇಳಿದೆ. ನೆಲ ನೋಡುತ್ತ ಹೇಳಿದೆ. ಬಂದಿದ್ದು, ಹಾಕಿದ್ದು, ಬರೆಯದೆ ಓಡಿದ್ದು, ಸುಳ್ಳಾಡಿದ್ದು.

ಕಾಕಾ ಜೋಡಿಸಿಟ್ಟ ಬುಟ್ಟಿಯ ಪಕ್ಕದಲ್ಲೇ ಕೂತರು. ಆಮೇಲೆ ಸಣ್ಣ ದನಿಯಲ್ಲಿ, "ಅಂದ್ರ ನನ್ನ ತಲಿ ಬರೋಬರ್ ಐತಿ?" ಎಂದರು.

"ಐತ್ರಿ ಕಾಕಾ."

ಎದ್ದರು. ಗ್ಯಾಸಿನ ಮೇಲಿನ ಚೀಟಿ ಕಿತ್ತರು. ನಳದ ಮೇಲಿನದು, ಬಾಗಿಲ ಮೇಲಿನದು. ಒಂದೊಂದನ್ನೂ ಮುದ್ದೆ ಮಾಡಿ ಕಿಸೆಗೆ ಹಾಕಿಕೊಂಡರು. ಅವರಿಗೆ ಸಿಟ್ಟು ಬಂದಿದೆ ಎಂದು ತಿರುಗಿ ನಿಂತಾಗ ತಿಳಿಯಿತು.

"ತಪ್ಪು ಮಾಡಿದಾವನ್ನ ರೈಲ್ವೆ ಇಟ್ಟುಕೊಳ್ಳತೈತ್ರಿ. ಮುಚ್ಚಿಟ್ಟಾವನ್ನ ಮನೀಗೆ ಕಳಸತೈತಿ. ಐದು ದಿನ. ಐದು ದಿನ ನಾ ನನ್ನ ಹೆಣಾ ನಾನ ನೋಡೀನಿ."

ನಾನು ಎದ್ದು ಬಾಗಿಲವರೆಗೆ ಹೋದೆ. ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡೆ. ನಾಚಿಕೆಯ ಜೊತೆಗೆ, ಸುಳ್ಳು ಯಾಕೆ ಹೇಳಲಿ, ಬಿಡುಗಡೆಯೂ ಆಯಿತು. ಹಿಂದಿನಿಂದ ಅವರ ದನಿ ಬಂತು: "ಎಲ್ಲಿ ಹೊಂಟ್ರಿ? ಆರೂ ಇಪ್ಪತ್ತೆಂಟು ಆತು. ಕೂಡ್ರಿ. ಹಿಡೀರಿ ಅದನ್ನ."

ಸೂಜಿ ಅವರೇ ಹಾಕಿದರು. ಒಂದು ವಾರ ಯೂನಿಟ್ಟಿನ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಎಂಟನೆಯ ದಿನ ಚಹಾ ಕೊಟ್ಟರು.

ಆಮೇಲೆ ಮನಿ ಎರಡು ವರ್ಷ ಬದುಕಿತು. ಹಿಂಗಾಲು ನೆಟ್ಟಗಾಗಿ ಕಿಟಕಿಯ ಮೇಲೆ ಹಾರುವಷ್ಟಾಯಿತು. ಕೊನೆಗೆ ಮೂತ್ರಪಿಂಡ ಸೋತು, ಎರಡನೆಯ ಬೇಸಿಗೆಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲಿ ಹೋಯಿತು. ಕಟ್ಟಡದ ಹಿಂದಿನ ಬೇವಿನ ಬುಡದಲ್ಲಿ ಕಾಕಾನೇ ಗುದ್ದಲಿ ಹಿಡಿದು ತಗ್ಗು ತೋಡಿದರು. ಮರುದಿನ ಬೆಳಿಗ್ಗೆ ನನ್ನ ಕಾಲು ತಾನಾಗಿ ಮೇಲೆ ಹೋಯಿತು. ಕಾಕಾ ಬಾಗಿಲು ತೆಗೆದೇ ಕೂತಿದ್ದರು. ಮಾಡುವುದು ಏನೂ ಇರಲಿಲ್ಲ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕೂತು ಸ್ವಲ್ಪ ಹೊತ್ತಿನ ಮೇಲೆ ಎದ್ದೆವು.

ಮರೆವು ನಿಜವಾಗಿ ಬಂದದ್ದು ಅದಾದ ಒಂದು ವರ್ಷದ ಮೇಲೆ. ಸ್ಟೇಷನ್ನಿಗೆ ಹೊರಟವರು ಸೀತಾಬರ್ಡಿಯಲ್ಲಿ ದಾರಿ ತಿಳಿಯದೆ ನಿಂತಿದ್ದರು, ಪೊಲೀಸರು ಕರೆತಂದರು. ಎರಡನೆಯ ಸಲ ಹಾಗಾದಾಗ ರೋಹಿಣಿ ಬಂದು ಕಾಮಠಿಗೆ ಕರೆದುಕೊಂಡು ಹೋದಳು. ಹೋಗುವ ದಿನ ನನ್ನ ಗುರುತು ಇತ್ತು. "ಬರತೀನ್ರಿ ಸರೋಜವ್ವಾ" ಎಂದರು. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ ಎಂದುಕೊಂಡೆ, ಹೋಗಲಿಲ್ಲ. ಭಾನುವಾರ ಬಂದರೆ ಮಲಗಿರುತ್ತಿದ್ದೆ.

ಕಳೆದ ಚಳಿಗಾಲ ರೋಹಿಣಿ ಫೋನು ಮಾಡಿದಳು. "ಕಾಕೂ, ಅವರು ಮರಾಠಿ ಬಿಟ್ಟುಬಿಟ್ಟಿದ್ದಾರೆ. ಹಿಂದಿಯೂ ಇಲ್ಲ. ದಿನವಿಡೀ ನಿಮ್ಮ ಭಾಷೆಯಲ್ಲಿ ಏನೋ ಹೇಳುತ್ತಾರೆ, ನಮಗೆ ಯಾರಿಗೂ ತಿಳಿಯುವುದಿಲ್ಲ. ನೀರು ಬೇಕೋ, ನೋವೋ, ಏನೋ. ಒಮ್ಮೆ ಬಂದು ಕೇಳುತ್ತೀರಾ?"

ಹೋದೆ. ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂಡಿಸಿದ್ದರು. ಬಹಳ ಇಳಿದಿದ್ದರು. ನನ್ನನ್ನು ನೋಡಿ ಕೈ ಮುಗಿದು, "ಯಾರ್ರಿ? ಯಾವೂರಿನವರು?" ಎಂದರು. ಗದಗಿನ ಕಡೆಯವಳು ಎಂದೆ. ಮುಖ ಅರಳಿತು. ಬಾಯಿ ತುಂಬ ಕನ್ನಡ. ಬೆನ್ನು ನೋಯುತ್ತದೆ, ಹೊದಿಕೆ ಚುಚ್ಚುತ್ತದೆ, ಸಜ್ಜಿ ರೊಟ್ಟಿ ತಿನ್ನಬೇಕು ಅನ್ನಿಸುತ್ತದೆ. ನಾನು ಒಂದೊಂದನ್ನೇ ಮರಾಠಿಯಲ್ಲಿ ರೋಹಿಣಿಗೆ ಹೇಳಿದೆ. ಆಕೆ ಬರೆದುಕೊಂಡಳು. ಆಕೆಯ ಕಣ್ಣ ಕೆಳಗಿನ ಕಪ್ಪನ್ನು ನೋಡಿ ನನಗೆ ಏನೂ ಕೇಳಬೇಕೆನಿಸಲಿಲ್ಲ.

ಆಕೆ ಒಳಗೆ ಹೋದ ಮೇಲೆ ಕಾಕಾ ನನ್ನ ಕಡೆ ಬಾಗಿದರು.

"ನಿಮಗೊಂದು ಹೇಳತೀನಿ, ಈ ಮಂದಿಗೆ ಹೇಳಬ್ಯಾಡ್ರಿ. ನಮ್ಮನ್ಯಾಗ ಒಂದು ಬೆಕ್ಕಿತ್ತು. ಅದಕ್ಕ ನಾ ಎರಡು ಸಲ ಸೂಜಿ ಹಾಕಿಬಿಟ್ಟೆ. ಮರತು. ಸಾಯಾಕ ಬಂದಿತ್ತದು."

ಚಳಿಗಾಲದ ಬಿಸಿಲು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಸುಮ್ಮನೆ ಹೂಂ ಎಂದು ಎದ್ದು ಬರಬಹುದಿತ್ತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ.

"ನೀವಲ್ರಿ ಕಾಕಾ, ಎರಡು ಸಲ ಹಾಕಿದ್ದು. ಒಮ್ಮೆ ನೀವು ಹಾಕಿದ್ರಿ. ಅದಕ್ಕ ಮದಲ ನಾ ಹಾಕಿದ್ದೆ. ಹಾಕಿ, ಬರೀಲಿಲ್ಲ. ನೀವು ಕೇಳಿದಾಗ ಸುಳ್ಳು ಹೇಳಿದೆ."

ಇದೇ ಮೊದಲ ಸಲ ಎಂಬಂತೆ ಪೂರ್ತಿ ಕೇಳಿದರು. ಆಗಿನ ಸಿಟ್ಟು ಬರುತ್ತದೆ ಎಂದು ಕಾದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ದಣದಿದ್ರೇನ್ರಿ ನೀವು?" ಎಂದು ಕೇಳಿದರು.

ಅಷ್ಟು ವರ್ಷಗಳಲ್ಲಿ ಯಾರೂ ಕೇಳದಿದ್ದ ಮಾತು ಅದು. "ಹೌದ್ರಿ ಕಾಕಾ" ಎಂದೆ. "ಭಾಳ ದಣದಿದ್ದೆ."

"ಹಂಗಾರ ಸ್ವಲ್ಪ ಕೂಡ್ರಿ" ಎಂದರು.

ಕೂತೆ. ಅವರು ಕಣ್ಣು ಮುಚ್ಚಿದರು. ಹದಿನೈದು ದಿನಕ್ಕೆ, ಕಾಕಾ ಹೋದರೆಂದು ರೋಹಿಣಿಯ ಫೋನು ಬಂದಾಗ ನಾನು ಕೌಂಟರಿನಲ್ಲಿದ್ದೆ. ಸಾಲು ಉದ್ದವಿತ್ತು. ಗಾಜಿನ ಆಚೆ ನಿಂತವರಿಗೆ ಒಂದು ನಿಮಿಷ ಎಂದು ಹೇಳಿ, ಎದ್ದು ಹೊರಗೆ ಹೋದೆ.